ಕುದುರೆಯಿಂದ ಆರಂಭವಾಗುವ ಕಾರುಗಳ ಸಂಗ್ರಹಾಲಯ

ಮಕ್ಕಳೇ, ನೀವು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೀರಾ? ಹಳೆಯ ನಾಣ್ಯ, ಶಾಸನ, ಖಡ್ಗ, ವಿಗ್ರಹಗಳನ್ನು ಅಲ್ಲಿ ನೋಡಿರಬಹುದು. ಹಳೆಯ ಕಾರುಗಳಿಗೆಂದೇ ಇರುವ ಸಂಗ್ರಹಾಲಯಗಳೂ ಜಗತ್ತಿನಲ್ಲಿವೆ. ಅಂಥದ್ದೊಂದು ಜರ್ಮನಿ ದೇಶದ ಸ್ಟುಟ್‌ಗಾರ್ಟ್ ನಗರದಲ್ಲಿದೆ. ಅದೇ ಮರ್ಸಿಡಿಸ್-ಬೆಂಜ್ ಸಂಗ್ರಹಾಲಯ. ಬನ್ನಿ, ಅದರೊಳಗೆ ಒಂದು ಸುತ್ತು ಹಾಕಿ ಬರೋಣ.

ಕಟ್ಟಡವೇ ಒಂದು ಪಾಠ

ಕಾರು ಹುಟ್ಟಿ 50 ವರ್ಷ ತುಂಬಿದ 1936ರಲ್ಲಿ ಈ ಕಂಪನಿ ತನ್ನ ಹಳೆಯ ವಾಹನಗಳಿಗಾಗಿ ಒಂದು ಸಂಗ್ರಹಾಲಯವನ್ನು ತೆರೆಯಿತು. 1961ರಲ್ಲಿ ಅದಕ್ಕೆ ಹೊಸ ಕಟ್ಟಡ ಬಂತು. ಈಗಿರುವ ಕಟ್ಟಡ ತೆರೆದದ್ದು 2006ರಲ್ಲಿ. ಇಲ್ಲಿ ಸುಮಾರು 160 ವಾಹನಗಳಿವೆ.

ಇಲ್ಲಿ ನೋಡುವ ಕ್ರಮವೇ ಬೇರೆ. ಮೊದಲು ಲಿಫ್ಟಿನಲ್ಲಿ ಎಲ್ಲಕ್ಕಿಂತ ಮೇಲಿನ ಅಂತಸ್ತಿಗೆ ಹೋಗಬೇಕು. ಅಲ್ಲಿಂದ ಎರಡು ಇಳಿಜಾರು ದಾರಿಗಳು ಒಂದನ್ನೊಂದು ಸುತ್ತುತ್ತ ಕೆಳಗಿಳಿಯುತ್ತವೆ. ನಮ್ಮ ಜೀವಕೋಶಗಳಲ್ಲಿರುವ ಡಿ.ಎನ್.ಎ. ಎಂಬ ಅಣು ಎರಡು ಎಳೆಗಳನ್ನು ಹೊಸೆದಂತೆ ಇರುತ್ತದೆ. ಆ ಆಕಾರವನ್ನೇ ಮಾದರಿಯಾಗಿ ಇಟ್ಟುಕೊಂಡು ಈ ಕಟ್ಟಡವನ್ನು ರೂಪಿಸಿದ್ದಾರೆ. ಒಂದು ದಾರಿ ಕಾರಿನ ಕಥೆಯನ್ನು ಕಾಲಕ್ರಮದಲ್ಲಿ ಹೇಳುತ್ತದೆ. ಇನ್ನೊಂದರಲ್ಲಿ ಬಸ್ಸು, ಲಾರಿ, ಆಂಬ್ಯುಲೆನ್ಸ್‌ಗಳಂಥ ದುಡಿಯುವ ವಾಹನಗಳಿವೆ.

ಈ ಕಟ್ಟಡದ ನಡುಭಾಗ ಕೆಳಗಿನಿಂದ ಮೇಲಿನವರೆಗೂ ತೆರೆದಿದೆ. ಬೆಂಕಿ ಬಿದ್ದರೆ ಹೊಗೆ ಎಲ್ಲ ಅಂತಸ್ತುಗಳಿಗೂ ಹರಡುವ ಅಪಾಯವಿದೆ. ಅದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಏನು ಗೊತ್ತೆ? ಕೃತಕ ಸುಂಟರಗಾಳಿ! ಗೋಡೆಗಳಲ್ಲಿರುವ 144 ರಂಧ್ರಗಳಿಂದ ಗಾಳಿಯನ್ನು ಓರೆಯಾಗಿ ಊದಿದಾಗ ಅದು ಗಿರಗಿರನೆ ಸುತ್ತುತ್ತದೆ. ಸುತ್ತುವ ಗಾಳಿಯ ನಡುವೆ ಒತ್ತಡ ಕಡಿಮೆಯಾಗುತ್ತದೆ. ಹೊಗೆ ಅಲ್ಲಿಗೆ ಸೆಳೆಯಲ್ಪಟ್ಟು, ಕಂಬದಂತೆ ಮೇಲೇರಿ, ಚಾವಣಿಯಿಂದ ಹೊರಹೋಗುತ್ತದೆ. ಬೇಸಿಗೆಯಲ್ಲಿ ನಿಮ್ಮ ಶಾಲೆಯ ಬಯಲಿನಲ್ಲಿ ಒಣ ಎಲೆ, ಧೂಳನ್ನು ಎತ್ತಿಕೊಂಡು ಸುತ್ತುವ ಸುಂಟರಗಾಳಿಯನ್ನು ನೆನಪಿಸಿಕೊಳ್ಳಿ.

ಮೊದಲು ಕುದುರೆ, ಆಮೇಲೆ ಕಾರು

ಮೇಲಿನ ಅಂತಸ್ತಿನಲ್ಲಿ ಲಿಫ್ಟಿನಿಂದ ಹೊರಬಂದರೆ ಎದುರಿಗೆ ಕಾಣುವುದು ಕಾರಲ್ಲ, ಒಂದು ಬಿಳಿ ಕುದುರೆಯ ಪ್ರತಿಮೆ! ಕಾರು ಬರುವ ಮುನ್ನ ಊರಿಂದೂರಿಗೆ ಜನರನ್ನು ಹೊತ್ತದ್ದು ಕುದುರೆಯೇ ಅಲ್ಲವೆ? ಎಂಜಿನ್ನಿನ ಬಲವನ್ನು ಇಂದಿಗೂ ನಾವು ‘ಅಶ್ವಶಕ್ತಿ’ಯಲ್ಲಿ ಅಳೆಯುತ್ತೇವೆ.

ಕುದುರೆಯನ್ನು ದಾಟಿದರೆ 1886ರ ಕಾರು ಇದೆ. ಅದಕ್ಕೆ ಮೂರೇ ಚಕ್ರ. ಕಾರ್ಲ್ ಬೆಂಜ್ ಎಂಬ ಎಂಜಿನಿಯರ್ ಇದಕ್ಕಾಗಿ 1886ರ ಜನವರಿ 29ರಂದು ಪೇಟೆಂಟ್ ಅರ್ಜಿ ಸಲ್ಲಿಸಿದರು. ಅದರ ಎಂಜಿನ್ನಿನ ಬಲ ಮುಕ್ಕಾಲು ಅಶ್ವಶಕ್ತಿ, ವೇಗ ಗಂಟೆಗೆ ಸುಮಾರು 16 ಕಿಲೋಮೀಟರ್. ಇಲ್ಲಿರುವುದು ಅದರ ಪ್ರತಿಕೃತಿ. ಮೂಲ ಕಾರು ಮ್ಯೂನಿಕ್ ನಗರದ ಇನ್ನೊಂದು ಸಂಗ್ರಹಾಲಯದಲ್ಲಿದೆ.

ಎಂಜಿನ್ ಹೇಗೆ ಓಡುತ್ತದೆ?

ಈ ಎಂಜಿನ್ನಿನಲ್ಲಿ ಒಂದೇ ಸಿಲಿಂಡರ್. ಅದರೊಳಗೆ ಪಿಸ್ಟನ್ ಹಿಂದೆ ಮುಂದೆ ಚಲಿಸುತ್ತದೆ. ಕೆಲಸ ನಾಲ್ಕು ಹಂತಗಳಲ್ಲಿ ನಡೆಯುತ್ತದೆ:

1. ಗಾಳಿ ಮತ್ತು ಇಂಧನದ ಆವಿಯನ್ನು ಒಳಗೆ ಹೀರಿಕೊಳ್ಳುವುದು.
2. ಆ ಮಿಶ್ರಣವನ್ನು ಒತ್ತಿ ಕಿರಿದಾಗಿಸುವುದು.
3. ವಿದ್ಯುತ್ ಕಿಡಿಯಿಂದ ಹೊತ್ತಿಸುವುದು. ಬಿಸಿಯಾದ ಅನಿಲ ಹಿಗ್ಗಿ ಪಿಸ್ಟನನ್ನು ದೂಡುತ್ತದೆ.
4. ಸುಟ್ಟ ಅನಿಲವನ್ನು ಹೊರದೂಡುವುದು.

ನಾಲ್ಕರಲ್ಲಿ ಒಂದೇ ಹಂತ ಬಲ ಕೊಡುತ್ತದೆ. ಉಳಿದ ಮೂರು ಹಂತಗಳನ್ನು ದಾಟಿಸಲು ಒಂದು ಭಾರವಾದ ಚಕ್ರವಿದೆ. ಒಮ್ಮೆ ತಿರುಗಿದರೆ ಅದು ಜಡತ್ವದಿಂದ ತಿರುಗುತ್ತಲೇ ಇರುತ್ತದೆ. ಇಂದಿನ ಪೆಟ್ರೋಲ್ ಕಾರು, ಮೋಟಾರ್ ಸೈಕಲ್ಲುಗಳಲ್ಲಿಯೂ ಸಾಮಾನ್ಯವಾಗಿ ಇವೇ ನಾಲ್ಕು ಹಂತಗಳಿವೆ.

ಬರ್ತಾ ಮಾಡಿದ ಪ್ರಯೋಗ

ಕಾರೇನೋ ಸಿದ್ಧವಾಯಿತು. ಆದರೆ ಕೊಳ್ಳುವವರು ಬರಲಿಲ್ಲ. ಕುದುರೆಯಿಲ್ಲದ ಗಾಡಿಯನ್ನು ನಂಬುವುದು ಹೇಗೆ? ಕಾರ್ಲ್ ಬೆಂಜ್‌ಗೆ ಬೇಸರವಾಯಿತು. ಆಗ ಮುಂದೆ ಬಂದವರು ಅವರ ಹೆಂಡತಿ ಬರ್ತಾ. ಮದುವೆಗೆ ಮೊದಲೇ ತಮ್ಮ ಪಾಲಿಗೆ ಬಂದ ಹಣವನ್ನು ಕಾರ್ಲ್‌ನ ಕಾರ್ಖಾನೆಗೆ ಹಾಕಿದ್ದವರು ಆಕೆ. ಆದರೂ ಪೇಟೆಂಟ್ ಪತ್ರದಲ್ಲಿ ಆಕೆಯ ಹೆಸರಿರಲಿಲ್ಲ.

1888ರ ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಬರ್ತಾ, ಗಂಡನಿಗೆ ತಿಳಿಸದೆ, 15 ಮತ್ತು 13 ವರ್ಷದ ಇಬ್ಬರು ಗಂಡುಮಕ್ಕಳೊಂದಿಗೆ ಕಾರನ್ನು ಹೊರತೆಗೆದರು. ಹೊರಟದ್ದು ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ, ತಮ್ಮ ತವರಿಗೆ. ದೂರ ಸುಮಾರು 104 ಕಿಲೋಮೀಟರ್. ಅಷ್ಟು ದೂರ ಅದುವರೆಗೆ ಯಾರೂ ಕಾರಿನಲ್ಲಿ ಹೋಗಿರಲಿಲ್ಲ.

ದಾರಿಯುದ್ದಕ್ಕೂ ತೊಂದರೆಗಳು. ಪೆಟ್ರೋಲ್ ಬಂಕ್ ಎಂಬುದೇ ಇರಲಿಲ್ಲ. ವೀಸ್‌ಲೋಹ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ಇಂಧನವಾಗಿ ಸುರಿದರು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ಸರಪಳಿಯನ್ನು ಕಮ್ಮಾರ ಸರಿಮಾಡಿದ. ಏರಿನಲ್ಲಿ ಮಕ್ಕಳು ಇಳಿದು ಕಾರನ್ನು ತಳ್ಳಿದರು. ಎಂಜಿನ್ನನ್ನು ತಂಪಾಗಿಡುವ ನೀರು ಕುದಿದು ಆವಿಯಾಗುತ್ತಿದ್ದುದರಿಂದ ಮತ್ತೆ ಮತ್ತೆ ನೀರು ತುಂಬಬೇಕಾಯಿತು. ಆವಿಯಾಗುವ ನೀರು ಶಾಖವನ್ನು ಒಯ್ಯುತ್ತದೆ. ನಿಮ್ಮ ಮನೆಯ ಮಣ್ಣಿನ ಮಡಕೆಯ ನೀರು ತಂಪಾಗಿರುವುದೂ ಇದರಿಂದಲೇ.

ಇಳಿಜಾರಿನಲ್ಲಿ ಮರದ ಬ್ರೇಕುಗಳು ಸವೆದವು. ಬರ್ತಾ ಚಮ್ಮಾರನ ಬಳಿ ಹೋಗಿ ಅವುಗಳಿಗೆ ಚರ್ಮ ಹೊಡೆಸಿದರು. ಹಿಡಿತ ಚೆನ್ನಾಯಿತು. ಸಂಜೆ ತವರು ಸೇರಿ ಗಂಡನಿಗೆ ತಂತಿ ಕಳುಹಿಸಿದರು. ಕೆಲವು ದಿನಗಳ ನಂತರ ಅದೇ ಕಾರಿನಲ್ಲಿ ಹಿಂದಿರುಗಿ, ಏರು ಹತ್ತಲು ಇನ್ನೊಂದು ಗೇರ್ ಬೇಕೆಂದು ತಿಳಿಸಿದರು. ಕಾರ್ಲ್ ಅದರಂತೆ ಕಾರನ್ನು ತಿದ್ದಿದರು.

ಗಮನಿಸಿದಿರಾ? ಕಾರ್ಲ್ ಯಂತ್ರವನ್ನು ಕಟ್ಟಿದರು. ಅದು ಎಲ್ಲಿ ಸೋಲುತ್ತದೆ ಎಂಬುದನ್ನು ಬರ್ತಾ ರಸ್ತೆಯಲ್ಲಿ ಕಂಡುಹಿಡಿದರು. ವಿಜ್ಞಾನಕ್ಕೆ ಎರಡೂ ಬೇಕು.

ಆಕಾರಕ್ಕೊಂದು ಕಾರಣ

ಕೆಳಗಿಳಿಯುತ್ತ ಹೋದರೆ 1954ರಲ್ಲಿ ಬಂದ 300 ಎಸ್ಎಲ್ ಕಾರು ಕಣ್ಣು ಸೆಳೆಯುತ್ತದೆ. ಅದರ ಬಾಗಿಲುಗಳು ಹಕ್ಕಿಯ ರೆಕ್ಕೆಗಳಂತೆ ಮೇಲಕ್ಕೆ ತೆರೆಯುತ್ತವೆ. ಇದು ಬರೀ ಅಂದಕ್ಕಲ್ಲ. ಕಾರು ಹಗುರವಾಗಿರಲೆಂದು ತೆಳು ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಜೋಡಿಸಿ ಚೌಕಟ್ಟು ಮಾಡಿದ್ದರು. ಅದು ಪಕ್ಕದಲ್ಲಿ ಎತ್ತರಕ್ಕೆ ಬಂದುದರಿಂದ ಮಾಮೂಲಿ ಬಾಗಿಲಿಗೆ ಜಾಗವೇ ಉಳಿಯಲಿಲ್ಲ!

ಕೊನೆಯಲ್ಲಿ ಓಟದ ಕಾರುಗಳನ್ನು ಕಡಿದಾಗಿ ಓರೆಯಾದ ತಿರುವಿನ ಮೇಲೆ ನಿಲ್ಲಿಸಿದ್ದಾರೆ. ವೇಗವಾಗಿ ತಿರುಗುವಾಗ ನೀವು ಸೈಕಲ್ಲನ್ನು ಒಳಗೆ ಬಾಗಿಸುವುದಿಲ್ಲವೆ? ಕಾರು ಹಾಗೆ ಬಾಗಲಾರದು. ಆದ್ದರಿಂದ ರಸ್ತೆಯನ್ನೇ ಬಾಗಿಸುತ್ತಾರೆ.

ಮುಂದೇನು?

ಕುದುರೆಗಾಡಿಗಳ ಕಾಲದಲ್ಲಿ ದೊಡ್ಡ ನಗರಗಳ ಬೀದಿಗಳು ಲದ್ದಿಯಿಂದ ತುಂಬುತ್ತಿದ್ದವು. ಕಾರು ಬಂದು ಆ ಸಮಸ್ಯೆ ನೀಗಿತು. ಆದರೆ ಕಾರಿನ ಹೊಗೆ ಇಂದು ಗಾಳಿಯನ್ನು ಕೆಡಿಸುತ್ತಿದೆ, ಅದರ ಕಾರ್ಬನ್ ಡೈಆಕ್ಸೈಡ್ ಭೂಮಿಯನ್ನು ಬಿಸಿಯಾಗಿಸುತ್ತಿದೆ. ಈಗ ವಿದ್ಯುತ್ ಕಾರುಗಳು ರಸ್ತೆಗಿಳಿದಿವೆ. ಅವುಗಳಿಗೆ ಬೇಕಾದ ವಿದ್ಯುತ್ತನ್ನು ಕಲ್ಲಿದ್ದಲು ಸುಟ್ಟು ತಯಾರಿಸಿದರೆ ಹೊಗೆ ಬೇರೆ ಕಡೆ ಏಳುತ್ತದೆ. ಇದನ್ನು ಬಿಡಿಸುವ ಕೆಲಸ ನಿಮ್ಮ ಪೀಳಿಗೆಯದು.

ಮಾಡಿ ನೋಡಿ

ಒಂದು ಹಲಗೆಯ ಮೇಲೆ ಮರದ ತುಂಡನ್ನಿಟ್ಟು ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಿ. ತುಂಡು ಜಾರಲು ಆರಂಭಿಸಿದಾಗ ಆ ತುದಿ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಬರೆದುಕೊಳ್ಳಿ. ಈಗ ತುಂಡಿನ ಅಡಿಗೆ ಹಳೆಯ ಚಪ್ಪಲಿಯ ಚರ್ಮ ಅಥವಾ ರಬ್ಬರನ್ನು ಕಟ್ಟಿ ಮತ್ತೆ ಮಾಡಿ. ಯಾವುದರಲ್ಲಿ ಘರ್ಷಣೆ ಹೆಚ್ಚು? ಬರ್ತಾ ಚಮ್ಮಾರನ ಬಳಿ ಹೋದದ್ದೇಕೆಂದು ಈಗ ಹೇಳಿ.

ಯೋಚಿಸಿ

1. ನಿಮ್ಮ ಊರಿನಿಂದ ಸುಮಾರು 104 ಕಿಲೋಮೀಟರ್ ದೂರದಲ್ಲಿ ಯಾವ ಊರಿದೆ? ಭೂಪಟದಲ್ಲಿ ಹುಡುಕಿ. ಗಂಟೆಗೆ 16 ಕಿಲೋಮೀಟರ್ ವೇಗದಲ್ಲಿ, ಎಲ್ಲೂ ನಿಲ್ಲದೆ ಹೋದರೆ ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು?
2. ನಿಮ್ಮ ಊರಿನ ಅತಿ ಹಳೆಯ ವಾಹನ ಯಾವುದು? ಎತ್ತಿನ ಗಾಡಿಯೂ ಆಗಬಹುದು. ಅದರ ಮಾಲೀಕರನ್ನು ಮಾತನಾಡಿಸಿ, ಅದು ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದರು ಎಂಬುದನ್ನು ಬರೆದು ತನ್ನಿ.