ಶೆಡ್ಡಿನ ತೊಲೆಗೆ ಬೋಲ್ಟ್ ಹಾಕೋ ಮುಂಚೆ ತುದಿ ಅಳತೆ ನೋಡಿ

2019ರ ಆಗಸ್ಟ್ ಮಳೆಯನ್ನು ಮೂಡಿಗೆರೆ ಕಡೆಯವರು ಮರೆಯೋ ಹಾಗಿಲ್ಲ. ಮನೆ, ತೋಟ ಕಳಕೊಂಡವರ ಮುಂದೆ ನಮ್ಮದೇನೂ ದೊಡ್ಡದಲ್ಲ. ಕಣದ ಪಕ್ಕದ ಹಂಚಿನ ಶೆಡ್ಡಿನಲ್ಲಿ ಅಡ್ಡ ತೊಲೆಯ ತುದಿ ಸೀಳಿ, ಮಾಡು ಒಂದು ಬದಿಗೆ ವಾಲಿತು. ಸ್ವಲ್ಪ ಹೊತ್ತಿನ ಮುಂಚೆ ಇಬ್ಬರು ಆಳುಗಳು ಅದೇ ಜಾಗದಲ್ಲಿ ಕೂತು ಕಾಫಿ ಕುಡಿದು ಎದ್ದಿದ್ದರು.

ಬೋಲ್ಟ್ ಮುರಿದಿರಲಿಲ್ಲ, ಪ್ಲೇಟ್ ಬಾಗಿರಲಿಲ್ಲ. ಹೋಗಿದ್ದು ಮರ. ಪ್ಲೇಟ್ ಗಿಡ್ಡ ಇದೆ ಅಂತ ತುದಿಯಿಂದ ಎರಡೇ ಇಂಚಿಗೆ ತೂತು ಹಾಕಿಸಿದವನು ನಾನೇ. ಓದಿದ್ದು ತೋಟಗಾರಿಕೆ, ತೊಲೆಯ ಪಾಠ ಕಲಿತದ್ದು ಆವತ್ತು.

ಹಳೇ ಮನೆಗಳಲ್ಲಿ ಆಚಾರಿಗಳು ಕಚ್ಚು ಕೊರೆದು, ಮರದ ಗೂಟ ಹೊಡೆದು ತೊಲೆ ಕೂರಿಸ್ತಿದ್ದರು. ಈಗ ಎರಡೂ ಮಗ್ಗುಲಿಗೆ ಕಬ್ಬಿಣದ ಪ್ಲೇಟ್ ಇಟ್ಟು ಬೋಲ್ಟ್ ಬಿಗೀತೀವಿ. ತಪ್ಪೇನಿಲ್ಲ. ಆದ್ರೆ ಹಂಚಿನ ಭಾರಕ್ಕೆ ಮಾಡಿನ ಇಳಿಜಾರು ಮರಗಳು ಹೊರಕ್ಕೆ ಒದೀತವೆ, ಅವನ್ನು ಎಳೆದು ಹಿಡಿಯೋದು ಅಡ್ಡ ತೊಲೆ. ಆ ಎಳೆತದಲ್ಲಿ ಬೋಲ್ಟ್ ತನ್ನ ಮುಂದಿನ ಮರವನ್ನು ತುದಿಯ ಕಡೆಗೆ ತಳ್ಳುತ್ತೆ. ಅಲ್ಲಿ ಮರ ಸಾಲದಿದ್ರೆ ಸೌದೆ ಸೀಳಿದ ಹಾಗೆ ಉದ್ದಕ್ಕೆ ಬಿಟ್ಟುಕೊಳ್ಳುತ್ತೆ. ಹಾಗಾಗಿ ತುದಿಯಿಂದ ಬೋಲ್ಟಿನ ದಪ್ಪದ ಏಳರಷ್ಟು ದೂರ ಬಿಡಿ. 12 ಎಂ.ಎಂ. ಬೋಲ್ಟಿಗೆ 84 ಎಂ.ಎಂ.; ನಾನಂತೂ ಈಗ ನಾಲ್ಕು ಇಂಚು ಬಿಡ್ತೀನಿ. ಗಟ್ಟಿ ಮರಕ್ಕೆ ಐದರಷ್ಟು ಸಾಕು ಅನ್ನೋ ಲೆಕ್ಕವೂ ಇದೆ, ಸಿಲ್ವರ್ ಓಕಿಗೆ ಅದನ್ನು ನಂಬಬೇಡಿ.

ನಟ್ ನೇರವಾಗಿ ಮರದ ಮೇಲೆ ಕೂರೋ ಕಡೆ ಅಗಲ ವಾಶರ್ ಇರಲಿ. ತೋಟದ ಮರ ಕಡಿದು ಹಸಿಯಲ್ಲೇ ಏರಿಸಿದ್ರೆ ಬೇಸಿಗೆಗೆ ಮರ ಕುಗ್ಗಿ ನಟ್ ಸಡಿಲ ಆಗುತ್ತೆ. ಏಪ್ರಿಲ್‌ನಲ್ಲಿ ಒಮ್ಮೆ ಏಣಿ ಹಾಕಿ ಬಿಗಿ ಮಾಡಿ.

ಇನ್ನೊಂದು, ನಮ್ಮ ಕಡೆಯವರು ತಿಳಿದೂ ಮರೆಯೋದು. ಬೋರ್ಡೋ ದ್ರಾವಣಕ್ಕೆ ಚಾಕು ಅದ್ದಿ, ಕೆಂಪು ಕೂತರೆ ಸುಣ್ಣ ಸಾಲದು ಅಂತೀವಲ್ಲ? ಚೆಲ್ಲಿದ ಮೈಲುತುತ್ತ ಕಂಬದ ಬುಡದ ಪ್ಲೇಟಿಗೂ ಅದನ್ನೇ ಮಾಡುತ್ತೆ, ಕಬ್ಬಿಣ ತಿನ್ನುತ್ತೆ. ಜಿ.ಐ. ಪ್ಲೇಟ್ ಆದ್ರೂ ಬಚಾವಾಗಲ್ಲ. ಆ ಚೀಲ, ಡ್ರಮ್ಮು ಬೇರೆ ಕಡೆ ಇಡಿ.

ಹೊಸದಾಗಿ ದೊಡ್ಡ ಶೆಡ್ ಕಟ್ಟೋರು ತೊಲೆಯ ಅಳತೆಯನ್ನು ಇಂಜಿನಿಯರ್ ಹತ್ರ ಲೆಕ್ಕ ಹಾಕಿಸಿ. ಹಳೇದಿರೋರು ಈ ವಾರ ಟಾರ್ಚ್ ಹಿಡಿದು ತೊಲೆಗಳ ತುದಿ ನೋಡಿ. ಬೋಲ್ಟಿನಿಂದ ತುದಿಗೆ ಸೀಳು ಗೆರೆ ಕಂಡರೆ ಮೊದಲು ಕೆಳಗೊಂದು ಆಸರೆ ಕಂಬ ಕೊಡಿ, ಆಮೇಲೆ ಆಚಾರಿಗೆ ಫೋನ್ ಮಾಡಿ.