ಮನೆಗೆ ಬರುವ ಬೆಕ್ಕಿನ ಮರಿ

ಮಾನವನೊಡನೆ ಬಾಳುವ ಪ್ರಾಣಿಗಳಲ್ಲಿ ಬೆಕ್ಕಿನ ಸ್ಥಾನವು ವಿಶಿಷ್ಟವಾದುದು. ಹಾಲಿಗಾಗಿ ಹಸುವನ್ನೂ ಉಳುಮೆಗಾಗಿ ಎತ್ತನ್ನೂ ಮನುಷ್ಯನು ಕಟ್ಟಿ ಸಾಕಿದನು. ಬೆಕ್ಕಾದರೋ ತಾನಾಗಿಯೇ ಅವನ ಹೊಸ್ತಿಲಿಗೆ ಬಂದಿತು. ಪಶ್ಚಿಮ ಏಷ್ಯದ ಜನರು ಬೇಸಾಯವನ್ನು ಕಲಿತು ಧಾನ್ಯವನ್ನು ಕೂಡಿಡತೊಡಗಿದಾಗ ಕಣಜಗಳಿಗೆ ಇಲಿಗಳು ಬಂದುವು. ಇಲಿಗಳ ಬೆನ್ನಹಿಂದೆ ಕಾಡುಬೆಕ್ಕು ಬಂದಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯದಾದ ಒಂದು ಸಮಾಧಿಯಿದೆ. ಅದರಲ್ಲಿ ಮನುಷ್ಯನ ಅಸ್ಥಿಯ ಬಳಿಯಲ್ಲಿಯೇ ಎಂಟು ತಿಂಗಳ ಬೆಕ್ಕೊಂದರ ಅಸ್ಥಿಯೂ ದೊರೆತುದನ್ನು ವಿದ್ವಾಂಸರು 2004ರಲ್ಲಿ ಪ್ರಕಟಪಡಿಸಿದರು. ಆ ದ್ವೀಪದಲ್ಲಿ ಬೆಕ್ಕುಗಳು ಸಹಜವಾಗಿ ಇದ್ದುವಲ್ಲ. ಆದುದರಿಂದ ಯಾರೋ ಒಬ್ಬರು ಅವುಗಳನ್ನು ದೋಣಿಯಲ್ಲಿ ಅಲ್ಲಿಗೆ ಒಯ್ದಿರಬೇಕು. ಬೆಕ್ಕನ್ನು ಮನೆಗೆ ತರುವ ಹಂಬಲವು ಇಷ್ಟು ಪುರಾತನವಾದುದು!

ಮುಂಬಯಿಯಲ್ಲಿ ಬೆಳೆಯುವ ನಮ್ಮ ವಿದ್ಯಾರ್ಥಿಗಳಿಗೆ ಈ ಪ್ರಾಣಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಮನೆಯಲ್ಲಿ ಕನ್ನಡ ಮಾತನಾಡುವವರು ಅದನ್ನು ಬೆಕ್ಕು ಎನ್ನುತ್ತಾರೆ. ತುಳುವರು ಪುಚ್ಚೆ ಎನ್ನುತ್ತಾರೆ. ನೆರೆಯ ಮರಾಠಿ ಮನೆಯವರು ಮಾಂಜರ ಎನ್ನುತ್ತಾರೆ. ಚಾಳಿನ ಮೆಟ್ಟಿಲ ಕೆಳಗೂ ಮೀನು ಮಾರುಕಟ್ಟೆಯ ಬದಿಯಲ್ಲೂ ಮರಿಗಳನ್ನು ಕಂಡಾಗ, ಒಂದನ್ನು ಮನೆಗೆ ಒಯ್ಯೋಣವೆಂಬ ಆಸೆಯು ಯಾವ ಬಾಲಕನಿಗೆ ಹುಟ್ಟದು? ಆಸೆಯು ಒಳ್ಳೆಯದೇ. ಆದರೆ ಪುಟ್ಟ ಮಕ್ಕಳಿರುವ ಮನೆಗೆ ಮರಿಯನ್ನು ತರುವುದೆಂದರೆ ಇಬ್ಬರು ಎಳೆಯರ ಹೊಣೆಯನ್ನು ಒಟ್ಟಿಗೆ ಹೊರುವುದೆಂದೇ ಅರ್ಥ. ಆ ಹೊಣೆಯ ಬಗೆಯನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲ ಎಂಟು ವಾರಗಳು

ಬೆಕ್ಕಿನ ಗರ್ಭಾವಧಿಯು ಸುಮಾರು 63ರಿಂದ 65 ದಿನಗಳು. ಹುಟ್ಟಿದ ಮರಿಯ ತೂಕವು ಸುಮಾರು 100 ಗ್ರಾಮು. ಅದರ ಕಣ್ಣುಗಳು ಒಂದೆರಡು ವಾರಗಳಲ್ಲಿ ತೆರೆಯುತ್ತವೆ. ಮೂರನೆಯ ವಾರದ ಹೊತ್ತಿಗೆ ಹಾಲುಹಲ್ಲುಗಳು ಮೂಡುತ್ತವೆ. ನಾಲ್ಕನೆಯ ವಾರದಿಂದ ಅದು ಮೆಲ್ಲಮೆಲ್ಲನೆ ತಾಯಿಯ ಹಾಲನ್ನು ಬಿಡಲು ತೊಡಗುತ್ತದೆ. ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಕಾಲವು ಅದರ ಬಾಳಿನಲ್ಲಿ ಬಹು ಮುಖ್ಯವಾದುದು. ಈ ಅವಧಿಯಲ್ಲಿ ಮನುಷ್ಯರ ಮೃದುವಾದ ಸ್ಪರ್ಶವನ್ನು ಕಂಡ ಮರಿಯು ಮುಂದೆ ಮನುಷ್ಯರನ್ನು ನಂಬುತ್ತದೆ. ಒಡಹುಟ್ಟಿದ ಮರಿಗಳೊಡನೆ ಕಾದಾಡುತ್ತ, ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಕಲಿಯುವುದೂ ಆಗಲೇ. ತಾಯಿಯಿಂದ ಬೇಗನೆ ಅಗಲಿಸಿದ ಮರಿಗೆ ಈ ಪಾಠವು ತಪ್ಪಿಹೋಗುತ್ತದೆ. ಅಂಥ ಮರಿಯು ಆಟದಲ್ಲಿ ಮಕ್ಕಳ ಕೈಯನ್ನು ಬಲವಾಗಿ ಕಚ್ಚುವುದುಂಟು. ಆದುದರಿಂದ ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರ್ಪಡಿಸಲಾಗದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮರಿಯೊಂದು ಒಂಟಿಯಾಗಿ ಕೂಗುತ್ತಿರುವುದನ್ನು ಕಂಡೊಡನೆ ಅದು ಅನಾಥವೆಂದು ಭಾವಿಸಬಾರದು. ತಾಯಿಯು ಆಹಾರವನ್ನು ಅರಸಿ ಹೋಗಿರಬಹುದು. ಅಥವಾ ಮರಿಗಳನ್ನು ಒಂದೊಂದಾಗಿ ಬೇರೆಡೆಗೆ ಸಾಗಿಸುತ್ತಿರಬಹುದು. ಅಪಾಯವಿಲ್ಲದ ಸ್ಥಳವಾದರೆ ಕೆಲವು ಗಂಟೆಗಳ ಕಾಲ ದೂರದಿಂದ ಗಮನಿಸುವುದೇ ಲೇಸು. ಕರುಣೆಯಿಂದ ಎತ್ತಿ ತಂದ ಎಷ್ಟೋ ಮರಿಗಳಿಗೆ ಆ ಕರುಣೆಯೇ ತಾಯಿಯನ್ನು ತಪ್ಪಿಸಿರುತ್ತದೆ.

ಮನೆಯ ಸಿದ್ಧತೆ

ಮರಿಯು ಬರುವ ಮೊದಲೇ ಮನೆಯನ್ನು ಅಣಿಗೊಳಿಸಬೇಕು. ಒಂದೇ ಖೋಲಿಯ ಮನೆಯಾದರೂ ಚಿಂತೆಯಿಲ್ಲ. ಜನಸಂಚಾರವಿಲ್ಲದ ಒಂದು ಮೂಲೆ, ಹಳೆಯ ಸೀರೆಯನ್ನು ಹಾಸಿದ ರಟ್ಟಿನ ಪೆಟ್ಟಿಗೆ, ನೀರಿನ ಬಟ್ಟಲು, ಇವುಗಳಿಂದ ದೂರದಲ್ಲಿ ಮರಳು ತುಂಬಿದ ಅಗಲವಾದ ತಟ್ಟೆ, ಇಷ್ಟು ಸಾಕು. ಮಲವನ್ನು ಮರಳಿನಲ್ಲಿ ಮುಚ್ಚುವುದು ಬೆಕ್ಕಿನ ಸಹಜ ಗುಣ. ಊಟವಾದ ಕೂಡಲೇ ಎರಡು ಮೂರು ಬಾರಿ ತಟ್ಟೆಯಲ್ಲಿ ಬಿಟ್ಟರೆ ಮರಿಯು ತಾನೇ ಕಲಿಯುತ್ತದೆ. ಈ ಮರಳನ್ನು ದಿನವೂ ಹಿರಿಯರೊಬ್ಬರು ಶುಚಿಮಾಡಬೇಕು. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮ ಪರೋಪಜೀವಿಯು ಇರಬಹುದು; ಹೊರಬಿದ್ದ ಒಂದರಿಂದ ಐದು ದಿನಗಳಲ್ಲಿ ಅದು ಸೋಂಕು ತಗಲಿಸುವ ಶಕ್ತಿಯನ್ನು ಪಡೆಯುತ್ತದೆ. ದಿನವೂ ತೆಗೆದರೆ ಅದಕ್ಕೆ ಅವಕಾಶವಿರದು. ಗರ್ಭಿಣಿಯರು ಮಾತ್ರ ಈ ಕೆಲಸವನ್ನು ಮಾಡಕೂಡದು. ಗರ್ಭಸ್ಥ ಶಿಶುವಿಗೆ ಅದರಿಂದ ಹಾನಿಯುಂಟು.

ಇನ್ನು ಅಪಾಯಗಳು. ಹೂ ಕಟ್ಟುವ ದಾರ, ಸೂಜಿ, ರಬ್ಬರ್ ಬಳೆ, ಇವುಗಳನ್ನು ಮರಿಯು ನುಂಗಿದರೆ ಕರುಳು ಕತ್ತರಿಸಿಹೋಗಬಹುದು. ನುಸಿಗುಳಿಗೆಯೂ ಲಿಲಿಯ ಹೂವೂ ಅದಕ್ಕೆ ವಿಷ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಗುಳಿಗೆಯು ಬೆಕ್ಕಿಗೆ ಮಾರಕ; ಅದನ್ನು ಅರಗಿಸುವ ಶಕ್ತಿಯು ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ.

ಎತ್ತರದ ಮಾಳಿಗೆಯಲ್ಲಿ ವಾಸಿಸುವವರು ಕಿಟಕಿಯ ಸರಳುಗಳಿಗೆ ಬಲೆಯನ್ನು ಕಟ್ಟಲೇಬೇಕು. ಬೆಕ್ಕು ಹೇಗೆ ಬಿದ್ದರೂ ಕಾಲೂರಿ ನಿಲ್ಲುತ್ತದೆಂದು ಜನರು ನಂಬುತ್ತಾರೆ. ನ್ಯೂಯಾರ್ಕ್ ನಗರದ ಪಶುವೈದ್ಯರು ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರಗಳನ್ನು 1987ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ನೂರಕ್ಕೆ ತೊಂಬತ್ತು ಚಿಕಿತ್ಸೆಯಿಂದ ಬದುಕಿದುವು. ಆದರೆ ವಿದ್ಯಾರ್ಥಿಗಳು ಒಂದು ವಿಷಯವನ್ನು ವಿಚಾರಿಸಬೇಕು. ಆ ಲೆಕ್ಕದಲ್ಲಿ ಸೇರಿದುವು ಆಸ್ಪತ್ರೆಗೆ ತಂದ ಬೆಕ್ಕುಗಳು ಮಾತ್ರ. ಬಿದ್ದ ಸ್ಥಳದಲ್ಲಿಯೇ ಸತ್ತವು ಎಣಿಕೆಗೆ ಬರಲಿಲ್ಲ. ಅಂಕೆಗಳನ್ನು ಓದುವಾಗ ಎಣಿಕೆಗೆ ಬಾರದವುಗಳನ್ನೂ ನೆನೆಯುವುದು ವಿವೇಕಿಗಳ ಲಕ್ಷಣ.

ಮೊದಲ ದಿನಗಳು

ಮನೆಗೆ ತಂದ ಮೊದಲ ದಿನ ಮರಿಯು ಮಂಚದ ಕೆಳಗೆ ಅಡಗಿ ಕುಳಿತರೆ ಅದನ್ನು ಹೊರಗೆಳೆಯಬಾರದು. ಅಲ್ಲಿನ ವಾಸನೆಗಳೆಲ್ಲವೂ ಅದಕ್ಕೆ ಹೊಸವು, ಮನುಷ್ಯರೂ ಹೊಸಬರು. ಮೇಲಾಗಿ ಅದರ ಕಿವಿಯು ಬಹು ಸೂಕ್ಷ್ಮವಾದುದು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯು ಕೇಳಿಸಿದರೆ, ಬೆಕ್ಕಿಗೆ 60,000ಕ್ಕೂ ಮೇಲ್ಪಟ್ಟ ಕಂಪನಗಳ ಧ್ವನಿಯು ಕೇಳಿಸುತ್ತದೆ. ಮಕ್ಕಳು ಸಂತೋಷದಿಂದ ಚೀರಿದರೂ ಅದಕ್ಕೆ ಗಾಬರಿ. ಆದುದರಿಂದ ನೆರೆಹೊರೆಯ ಮಕ್ಕಳನ್ನೆಲ್ಲ ಕರೆದು ಮರಿಯನ್ನು ತೋರಿಸುವ ಉತ್ಸವವನ್ನು ಒಂದು ವಾರ ಮುಂದೂಡಬೇಕು. ಮರಿಗಳು ದಿನದ ಬಹುಭಾಗವನ್ನು ನಿದ್ರೆಯಲ್ಲಿಯೇ ಕಳೆಯುತ್ತವೆ. ಮಲಗಿದ ಮರಿಯನ್ನು ಎಬ್ಬಿಸಬಾರದೆಂಬುದನ್ನು ಮನೆಯ ಕಟ್ಟಳೆಯನ್ನಾಗಿ ಮಾಡಬೇಕು.

ಮಗುವಿಗೆ ಕಲಿಸಬೇಕಾದ ಪಾಠ

ಎರಡು ತಿಂಗಳ ಮರಿಯ ತೂಕವು ಒಂದು ಕಿಲೋಗ್ರಾಮಿಗಿಂತಲೂ ಕಡಿಮೆ. ಮೂರು ವರ್ಷದ ಮಗುವಿನ ತೂಕವು ಸುಮಾರು 13 ಅಥವಾ 14 ಕಿಲೋಗ್ರಾಮು. ತನಗಿಂತ ಹದಿನೈದು ಪಾಲು ಭಾರವುಳ್ಳ ಒಂದು ಜೀವವು ತನ್ನನ್ನು ಅಪ್ಪಿ ಹಿಸುಕಿದರೆ ನಮಗೆ ಹೇಗಾದೀತು? ಮಗುವು ಕ್ರೂರಿಯಲ್ಲ, ಪ್ರೀತಿಯಿಂದಲೇ ಅಪ್ಪುತ್ತದೆ. ಆದರೆ ಅಪ್ಪುಗೆಯ ಬಲವನ್ನು ಅಳೆಯಲು ಅದಕ್ಕೆ ಇನ್ನೂ ತಿಳಿಯದು. ಆದುದರಿಂದ ಐದು ವರ್ಷದೊಳಗಿನ ಮಗುವನ್ನೂ ಮರಿಯನ್ನೂ ಹಿರಿಯರ ಕಣ್ಣಿಲ್ಲದೆ ಒಂದೆಡೆ ಬಿಡಕೂಡದು.

ಮಗುವನ್ನು ನೆಲದ ಮೇಲೆ ಕೂಡಿಸಿ, ಮರಿಯು ತಾನಾಗಿ ಬರುವವರೆಗೂ ಕಾಯಲು ಕಲಿಸಬೇಕು. ಬಂದಾಗ ಬೆನ್ನ ಮೇಲೆ ತೆರೆದ ಅಂಗೈಯಿಂದ ಸವರಬೇಕು. ಬಾಲವನ್ನೂ ಹೊಟ್ಟೆಯನ್ನೂ ಮುಟ್ಟಬಾರದು. ಎತ್ತಬೇಕಾದಾಗ ಒಂದು ಕೈಯನ್ನು ಎದೆಯ ಕೆಳಗೂ ಮತ್ತೊಂದನ್ನು ಹಿಂಗಾಲುಗಳ ಕೆಳಗೂ ಇಟ್ಟು ಹಿರಿಯರೇ ಎತ್ತಬೇಕು. ಕೈಬೆರಳುಗಳನ್ನು ಆಟದ ಸಾಮಾನನ್ನಾಗಿ ಮಾಡಬಾರದು. ಕಾಗದದ ಉಂಡೆಯನ್ನು ಉರುಳಿಸಿ ಆಡಿಸಬೇಕು.

ಬೆಕ್ಕಿಗೂ ತನ್ನದೇ ಆದ ಭಾಷೆಯುಂಟು. ಕಿವಿಗಳು ಹಿಂದಕ್ಕೆ ಒರಗಿದರೆ, ಬಾಲವು ಚಾಟಿಯಂತೆ ಬೀಸಿದರೆ, ‘ಸಾಕು, ನನ್ನನ್ನು ಬಿಡಿರಿ’ ಎಂದು ಅರ್ಥ. ಬಾಲವನ್ನು ನೆಟ್ಟಗೆ ನಿಲ್ಲಿಸಿ ಬಂದರೆ ಅದು ಸ್ನೇಹದ ಚಿಹ್ನೆ. ಅದರ ಎದುರಿಗೆ ಕಣ್ಣುಗಳನ್ನು ನಿಧಾನವಾಗಿ ಮುಚ್ಚಿ ತೆರೆದರೆ ಅದೂ ಹಾಗೆಯೇ ಮಾಡುವ ಸಂಭವ ಹೆಚ್ಚೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು 2020ರಲ್ಲಿ ತೋರಿಸಿದರು. ನಾಲ್ಕು ವರ್ಷದ ಮಗುವೂ ಇದನ್ನು ಮಾಡಬಲ್ಲದು. ಎರಡನೆಯ ಜೀವದ ಇಷ್ಟಾನಿಷ್ಟಗಳನ್ನು ಅರಿಯುವ ವಿದ್ಯೆಗೆ ಇದಕ್ಕಿಂತ ಸುಲಭವಾದ ಮೊದಲ ಪಾಠ ಬೇರೊಂದಿಲ್ಲ.

ಆಹಾರ

ತೆನ್ನಾಲಿ ರಾಮಕೃಷ್ಣನ ಬೆಕ್ಕು ಬಿಸಿಹಾಲಿನಿಂದ ಬಾಯಿ ಸುಟ್ಟುಕೊಂಡು, ಹಾಲನ್ನು ಕಂಡರೆ ಓಡುತ್ತಿದ್ದ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಆ ಬೆಕ್ಕಿಗೆ ಹಾಲು ತಪ್ಪಿದುದರಿಂದ ವಿಶೇಷ ನಷ್ಟವೇನೂ ಇರಲಿಲ್ಲ! ತಾಯಿಯ ಹಾಲನ್ನು ಬಿಟ್ಟ ಬಳಿಕ ಬಹುತೇಕ ಬೆಕ್ಕುಗಳಿಗೆ ಹಾಲಿನ ಸಕ್ಕರೆಯು ಜೀರ್ಣವಾಗದು. ಹಸುವಿನ ಹಾಲಿನಿಂದ ಮರಿಗೆ ಭೇದಿಯಾಗುವುದೇ ಹೆಚ್ಚು. ಕುಡಿಯಲು ಶುದ್ಧವಾದ ನೀರೇ ಸಾಕು.

ಬೆಕ್ಕು ಶುದ್ಧ ಮಾಂಸಾಹಾರಿ. ಟಾರಿನ್ ಎಂಬ ಪದಾರ್ಥವು ಅದಕ್ಕೆ ಆಹಾರದಿಂದಲೇ ದೊರೆಯಬೇಕು. ಅದು ಮಾಂಸ ಮೀನುಗಳಲ್ಲಿ ಮಾತ್ರ ಸಾಕಷ್ಟಿದೆ. ಅದರ ಕೊರತೆಯಿಂದ ಕಣ್ಣು ಕುರುಡಾಗುವುದೆಂದು 1975ರಲ್ಲಿಯೂ, ಹೃದಯವು ದುರ್ಬಲವಾಗುವುದೆಂದು 1987ರಲ್ಲಿಯೂ ವಿಜ್ಞಾನಿಗಳು ಕಂಡುಹಿಡಿದರು. ಹಾಲನ್ನ, ಮೊಸರನ್ನಗಳಿಂದ ಬೆಕ್ಕು ಆರೋಗ್ಯವಾಗಿ ಬಾಳಲಾರದು. ಶಾಕಾಹಾರಿಗಳ ಮನೆಯವರು ಮರಿಯನ್ನು ತರುವ ಮೊದಲೇ ಈ ವಿಷಯವನ್ನು ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಬೇಕು. ಬೆಕ್ಕಿಗಾಗಿಯೇ ತಯಾರಿಸಿದ ಆಹಾರವು ಅಂಗಡಿಗಳಲ್ಲಿ ದೊರೆಯುತ್ತದೆ. ಅದನ್ನು ಮನೆಯೊಳಗೆ ತರಲು ಮನಸ್ಸು ಒಪ್ಪದಿದ್ದರೆ ಬೆಕ್ಕನ್ನು ಸಾಕದಿರುವುದೇ ಧರ್ಮ. ಮೀನು ತಿನ್ನುವವರ ಮನೆಯಲ್ಲಿಯೂ ಸಾರಿನಲ್ಲಿ ಬೆಂದ ಮೀನನ್ನು ಹಾಕಬಾರದು. ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಮುಳ್ಳು ತೆಗೆದು, ಉಪ್ಪು ಖಾರವಿಲ್ಲದೆ ಬೇಯಿಸಿ, ಮರಿಗೆ ದಿನಕ್ಕೆ ನಾಲ್ಕು ಬಾರಿ ಸ್ವಲ್ಪಸ್ವಲ್ಪವಾಗಿ ಕೊಡಬಹುದು. ಆದರೆ ಇದೊಂದನ್ನೇ ನಿತ್ಯದ ಆಹಾರವನ್ನಾಗಿ ಮಾಡಬಾರದು.

ಪರಚಿದ ಗಾಯ

ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ರೇಬೀಸ್ ರೋಗವು ಹೆಚ್ಚಾಗಿ ನಾಯಿಯಿಂದ ಹರಡಿದರೂ ಬೆಕ್ಕಿನಿಂದಲೂ ಬರಬಲ್ಲದು. ರೋಗಚಿಹ್ನೆಗಳು ಕಾಣಿಸಿಕೊಂಡ ಮೇಲೆ ರೋಗಿಯು ಬದುಕುವುದು ಇಲ್ಲವೇ ಇಲ್ಲವೆನ್ನುವಷ್ಟು ಅಪರೂಪ. ಆದರೆ ಅದಕ್ಕೆ ಮುಂಚೆ ಲಸಿಕೆಯನ್ನು ಪಡೆದರೆ ರೋಗವನ್ನು ತಡೆಯಬಹುದು. 1885ರ ಜುಲೈ 6ರಂದು ಲೂಯಿ ಪಾಶ್ಚರನು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಲಸಿಕೆಯನ್ನು ಕೊಡಿಸಿ ಉಳಿಸಿದ ವೃತ್ತಾಂತವು ಪ್ರಸಿದ್ಧವಾದುದು.

ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನಿನಿಂದ 15 ನಿಮಿಷಗಳ ಕಾಲ ತೊಳೆಯಬೇಕು. ಅರಿಸಿನ, ಸುಣ್ಣ, ಖಾರದ ಪುಡಿಗಳನ್ನು ಹಚ್ಚಲೇಬಾರದು. ಅಂದೇ ವೈದ್ಯರ ಬಳಿಗೆ ಹೋಗಬೇಕು. ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಈ ಲಸಿಕೆಯು ಉಚಿತವಾಗಿ ದೊರೆಯುತ್ತದೆ. ಹೊಟ್ಟೆಯ ಮೇಲೆ ಚುಚ್ಚುತ್ತಿದ್ದ ಕಾಲವು ಎಂದೋ ಕಳೆಯಿತು. ಈಗ ತೋಳಿಗೆ ಕೊಡುವ ಕೆಲವೇ ಚುಚ್ಚುಮದ್ದುಗಳು ಸಾಕು.

ಆದರೆ ಲಸಿಕೆಯು ಕೈಗೆಟಕುವಂತಿದ್ದರೂ ಮಗುವು ಗಾಯವನ್ನು ಮುಚ್ಚಿಟ್ಟರೆ ಏನು ಪ್ರಯೋಜನ? ‘ಬೆಕ್ಕು ಪರಚಿತೆಂದರೆ ಅಮ್ಮ ಬೈದಾಳು, ಅಪ್ಪ ಬೆಕ್ಕನ್ನು ಹೊರಗೆ ಬಿಟ್ಟುಬಂದಾರು’ ಎಂಬ ಭಯದಿಂದ ಮಕ್ಕಳು ತೋಳಿನ ಗೀರನ್ನು ಅಂಗಿಯೊಳಗೆ ಅಡಗಿಸುತ್ತಾರೆ. ಆದುದರಿಂದ ಮರಿಯು ಬಂದ ದಿನವೇ ಹಿರಿಯರು ಮಕ್ಕಳಿಗೆ ಮಾತು ಕೊಡಬೇಕು: ಗಾಯವನ್ನು ತೋರಿಸಿದವರಿಗೆ ಬೈಗಳಿಲ್ಲ, ಬೆಕ್ಕಿಗೂ ಶಿಕ್ಷೆಯಿಲ್ಲ. ಕೊಟ್ಟ ಮಾತನ್ನು ನಡೆಸಲೂಬೇಕು. ಲಸಿಕೆಯಷ್ಟೇ ಈ ಮಾತೂ ಮಗುವಿನ ಪ್ರಾಣವನ್ನು ಕಾಯುತ್ತದೆ.

ವೈದ್ಯರ ನೆರವು

ಮರಿಯನ್ನು ತಂದ ಮೊದಲ ವಾರದಲ್ಲಿಯೇ ಪಶುವೈದ್ಯರಿಗೆ ತೋರಿಸಬೇಕು. ಮುಂಬಯಿಯ ಪರೇಲಿನಲ್ಲಿ 1886ರಲ್ಲಿ ಸ್ಥಾಪಿತವಾದ ಪಶುವೈದ್ಯಕೀಯ ಮಹಾವಿದ್ಯಾಲಯವೂ ಬಾಯಿ ಸಕರಬಾಯಿ ದಿನ್ಷಾ ಪೆಟಿಟ್ ಪಶು ಆಸ್ಪತ್ರೆಯೂ ಇವೆ. ಜಂತುಹುಳುಗಳ ಔಷಧ, ಎಂಟನೆಯ ವಾರದ ಸುಮಾರಿಗೆ ಮೊದಲ ಲಸಿಕೆ, ಮೂರು ತಿಂಗಳು ತುಂಬಿದ ಬಳಿಕ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಪುನಃ ಲಸಿಕೆ: ಇದು ಸಾಮಾನ್ಯ ಕ್ರಮ. ನಾಲ್ಕರಿಂದ ಆರು ತಿಂಗಳೊಳಗೆ ಸಂತಾನಹರಣ ಶಸ್ತ್ರಕ್ರಿಯೆಯನ್ನು ಮಾಡಿಸುವುದು ಉಚಿತ. ಇದನ್ನು ಉದಾಸೀನ ಮಾಡಿದ ಮನೆಗಳ ಮರಿಗಳೇ ಚೀಲದಲ್ಲಿ ತುಂಬಿ ಮಾರುಕಟ್ಟೆಗೆ ಬಿಡಲ್ಪಡುತ್ತವೆ. ಸಾಕಿದ ಪ್ರಾಣಿಯನ್ನು ಹೀಗೆ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಮನೆಯೊಳಗೆ ಬಾಳುವ ಬೆಕ್ಕು ಹದಿನೈದು ವರ್ಷ ಬದುಕುವುದು ಅಪರೂಪವಲ್ಲ. ಇಂದು ಒಂದನೆಯ ತರಗತಿಯಲ್ಲಿರುವ ಬಾಲಕಿಯು ಓದು ಮುಗಿಸಿ ಉದ್ಯೋಗಕ್ಕೆ ಸೇರುವವರೆಗೂ ಅದು ಮನೆಯಲ್ಲಿರುತ್ತದೆ. ಆದುದರಿಂದ ವಿದ್ಯಾರ್ಥಿ ಬಂಧುಗಳೆ, ಮರಿಯನ್ನು ಕೈಗೆತ್ತಿಕೊಳ್ಳುವ ಮೊದಲು ಮನೆಯವರೆಲ್ಲ ಕುಳಿತು, ಯಾರು ಉಣಿಸುವರು, ಯಾರು ಮರಳನ್ನು ಬದಲಿಸುವರು, ರಜೆಯಲ್ಲಿ ಊರಿಗೆ ಹೋದಾಗ ಯಾರು ನೋಡಿಕೊಳ್ಳುವರು ಎಂಬುದನ್ನು ನಿರ್ಧರಿಸಿರಿ. ಈ ಮೂರು ಪ್ರಶ್ನೆಗಳಿಗೂ ಉತ್ತರವಿರುವ ಮನೆಗೆ ಮರಿಯು ಸುಖವಾಗಿ ಬರಲಿ.

ಅಭ್ಯಾಸ

1. ಎಂಟು ವಾರಗಳ ಮೊದಲು ಮರಿಯನ್ನು ತಾಯಿಯಿಂದ ಏಕೆ ಅಗಲಿಸಬಾರದು?
2. 132 ಬೆಕ್ಕುಗಳ ಲೆಕ್ಕದಿಂದ ನಾವು ಕಲಿಯಬೇಕಾದ ಪಾಠವೇನು?
3. ಬೆಕ್ಕು ಪರಚಿದಾಗ ಮಾಡಬೇಕಾದ ಕಾರ್ಯಗಳನ್ನು ಕ್ರಮವಾಗಿ ಬರೆಯಿರಿ. ಅದನ್ನು ಮನೆಯ ಪುಟ್ಟ ಮಕ್ಕಳಿಗೆ ಓದಿ ಹೇಳಿರಿ.