ಜಾತಿಸ್ಮರಣೆ ಮತ್ತು ವ್ರತಸ್ವೀಕಾರ

ಪೂರ್ವಜನ್ಮದ ನೆನಪನ್ನು ವಿಜ್ಞಾನಿಗಳೇ ಸಿದ್ಧಪಡಿಸಿದ್ದಾರೆ, ಇನ್ನು ಕರ್ಮಸಿದ್ಧಾಂತಕ್ಕೆ ಬೇರೆ ಪ್ರಮಾಣವೇಕೆ ಎಂಬ ಮಾತು ಹುಬ್ಬಳ್ಳಿ, ತಾರಿಹಾಳ ಕಡೆಯ ಸ್ವಾಧ್ಯಾಯಗಳಲ್ಲಿಯೂ ಏಳಬಹುದಾದದ್ದು. ವ್ರತಧಾರಿಗಳಾದ ಶ್ರಾವಕ-ಶ್ರಾವಿಕೆಯರು ಇದನ್ನು ನಿಧಾನಿಸಿ ನೋಡುವುದು ಒಳ್ಳೆಯದು.

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ (೧೯೧೮–೨೦೦೭) ೧೯೬೧ರಲ್ಲಿ ಭಾರತಕ್ಕೆ ಬಂದು, ಹಿಂದಿನ ಜನ್ಮವನ್ನು ಹೇಳುವ ಮಕ್ಕಳನ್ನು ಕಂಡು ವಿಚಾರಿಸತೊಡಗಿದರು. ೧೯೭೦ರ ದಶಕದಿಂದ ಅವರೊಡನೆ ದುಡಿದವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವಿಜ್ಞಾನಿ ಸತ್ವಂತ್ ಪಸ್ರೀಚಾ. ಮಗುವಿನ ಮಾತನ್ನು ಬರೆದುಕೊಳ್ಳುವುದು, ಎರಡೂ ಮನೆಯವರನ್ನು ಬೇರೆ ಬೇರೆಯಾಗಿ ಕೇಳುವುದು, ದಾಖಲೆಗಳೊಡನೆ ತಾಳೆ ನೋಡುವುದು ಅವರ ಕ್ರಮ. ಇಂಥ ಮಕ್ಕಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷದೊಳಗೆ ಮಾತು ತೆಗೆದು, ಐದರಿಂದ ಎಂಟರೊಳಗೆ ಮರೆತುಬಿಡುತ್ತಾರೆ. ಪಸ್ರೀಚಾ ಅವರ ಗ್ರಂಥ ೧೯೯೦ರಲ್ಲಿ ಹೊರಬಂದಿತು. ಪುನರ್ಜನ್ಮ ಸಿದ್ಧವಾಯಿತೆಂದು ಸ್ಟೀವನ್‌ಸನ್ನರು ಸಾರಲಿಲ್ಲ. ಪುನರ್ಜನ್ಮವನ್ನು ಸೂಚಿಸುವ ಪ್ರಸಂಗಗಳೆಂದಷ್ಟೇ ಕರೆದರು. ಅವರ ಹೆಸರಿನಲ್ಲಿ ಭಾಷಣ ಮಾಡುವವರಿಗೆ ಈ ಸಂಯಮವಿರುವುದಿಲ್ಲ. ವಿಜ್ಞಾನಿಗಳಲ್ಲಿ ಬಹುಮಂದಿ ಈ ಸಾಕ್ಷ್ಯವನ್ನು ಒಪ್ಪಿಲ್ಲ. ಸಂಶೋಧಕರು ಬರುವ ಮೊದಲೇ ಎರಡು ಕುಟುಂಬಗಳು ಕೂಡಿ ಮಾತಾಡಿರುತ್ತವೆ ಎಂಬುದು ಒಂದು ಬಲವಾದ ಆಕ್ಷೇಪ.

ಇವರು ಕಲೆಹಾಕಿದ ಎಲ್ಲವೂ ಆಗಮಕ್ಕೆ ಹೊಂದುವುದೂ ಇಲ್ಲ. ಸತ್ತು ಬದುಕಿದೆವೆಂದ ೧೬ ಭಾರತೀಯರ ವೃತ್ತಾಂತವನ್ನು ಇಬ್ಬರೂ ೧೯೮೬ರಲ್ಲಿ ಪ್ರಕಟಿಸಿದರು. ದೂತರು ಕೊಂಡೊಯ್ದರು, ಪುಸ್ತಕ ಹಿಡಿದವನೊಬ್ಬ ತಪ್ಪು ಮನುಷ್ಯನನ್ನು ತಂದಿರೆಂದು ಗದರಿಸಿ ಹಿಂದಕ್ಕೆ ಕಳುಹಿದ ಎಂಬ ಕಥನ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಮೆರಿಕದವರ ಅನುಭವಗಳಲ್ಲಿ ಈ ಚಿತ್ರಗುಪ್ತನಿಲ್ಲ. ಜೈನದರ್ಶನದಲ್ಲಿಯೂ ಇಲ್ಲ. ಭುಜ್ಯಮಾನ ಆಯುಕರ್ಮ ತೀರುವುದೇ ಮರಣ. ತೀರಿದ ಜೀವವು ವಿಗ್ರಹಗತಿಯಲ್ಲಿ ಹೆಚ್ಚೆಂದರೆ ನಾಲ್ಕು ಸಮಯದೊಳಗೆ ಮುಂದಿನ ಭವವನ್ನು ಸೇರುತ್ತದೆ. ಮರಳಿ ಬಂದವನು ಸತ್ತಿರಲಿಲ್ಲ ಎಂದೇ ಶಾಸ್ತ್ರದ ತೀರ್ಮಾನ. ಹಾಗಾದರೆ ಮಕ್ಕಳ ಮಾತನ್ನು ಪ್ರಮಾಣವೆಂದು ಹಿಡಿದು ಇವರ ಮಾತನ್ನು ಬಿಡುವುದು ಯಾವ ನ್ಯಾಯ? ಇಂಥ ವರದಿಗಳ ಮೇಲೆ ಅಷ್ಟಮಿ-ಚತುರ್ದಶಿಯ ಉಪವಾಸವನ್ನು ನಿಲ್ಲಿಸಿದವನು, ನಾಳೆ ಅವು ಸುಳ್ಳೆಂದು ಬಂದರೆ ಉಪವಾಸವನ್ನೂ ಬಿಟ್ಟಾನು.

ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಮನುಷ್ಯರ ಸಮ್ಯಗ್ದರ್ಶನಕ್ಕೆ ಮೂರು ಬಾಹ್ಯ ನಿಮಿತ್ತಗಳನ್ನು ಹೇಳುತ್ತಾರೆ: ಜಾತಿಸ್ಮರಣ, ಧರ್ಮಶ್ರವಣ, ಜಿನಬಿಂಬದರ್ಶನ. ಮೊದಲನೆಯದು ಕೆಲವರಿಗೆ ಮಾತ್ರ; ಉಳಿದೆರಡಕ್ಕೆ ಬಸದಿಯ ಬಾಗಿಲು ತೆರೆದೇ ಇದೆ.

ಜನ್ನನು ೧೨೦೯ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಯಶೋಧರನೂ ತಾಯಿ ಚಂದ್ರಮತಿಯೂ ಸಂಕಲ್ಪಹಿಂಸೆಯ ಫಲವಾಗಿ ಹಲವು ತಿರ್ಯಗ್ಭವಗಳಲ್ಲಿ ತೊಳಲಿ, ಕೊನೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಅಕಂಪನ ಮುನಿಗಳು ಚಂಡಕರ್ಮನಿಗೆ ಹೇಳುತ್ತಿದ್ದ ಧರ್ಮವು ಅವುಗಳ ಕಿವಿಗೂ ಬೀಳುತ್ತದೆ. ಹಿಂದಿನದೆಲ್ಲ ನೆನಪಾಗುತ್ತದೆ. ತಾವು ಯಾರಾಗಿದ್ದೆವೆಂದು ಅವು ಯಾರಿಗೂ ಸಾಧಿಸಿ ತೋರಿಸಲು ಹೋಗಲಿಲ್ಲ. ವ್ರತವನ್ನು ಕೈಕೊಂಡು, ಆ ಹರ್ಷಕ್ಕೆ ಕೂಗಿದವು. ದನಿಯನ್ನೇ ಗುರಿಮಾಡಿ ಬಂದ ಬಾಣ ಎರಡನ್ನೂ ಕೊಂದಿತು. ಬಿಟ್ಟವನು ಯಶೋಧರನ ಮಗ ಯಶೋಮತಿ. ಅವನ ರಾಣಿಯ ಬಸಿರಿನಲ್ಲಿಯೇ ಅವು ಅಭಯರುಚಿ, ಅಭಯಮತಿಯರಾಗಿ ಹುಟ್ಟಿದವು.